ಸರ್ಪಸುತ್ತಿಗೆ ಡಾಕ್ಟ್ರು ಬರ್ಕೊಟ್ಟ ಮಾತ್ರೆ ಹೆಂಗೆ ತಗೋಬೇಕು, ಯಾಕೆ ತಡ ಮಾಡ್ಬಾರ್ದು

ಹೋದ್ ಸಲ ಕಾಫಿ ಕುಯ್ಲು ಟೈಮಲ್ಲಿ ನಮ್ಮತ್ತೆಗೆ ಬಲಗಡೆ ಪಕ್ಕೆ ಹತ್ರ ಉರಿ ಶುರುವಾಯ್ತು. ನಮ್ದು ಸಕಲೇಶಪುರದಿಂದ ಆಚೆ ತೋಟ, ಕಂಬಳಿಹುಳ ತಾಗೋದು ಮಾಮೂಲಿ, ಅದೇ ಇರ್ಬೇಕು ಅಂತ ಕೊಬ್ಬರಿ ಎಣ್ಣೆ ಹಚ್ಕೊಂಡು ಸುಮ್ನಾದ್ರು. ಎರಡು ದಿನ ಬಿಟ್ಟು ನೋಡಿದ್ರೆ ಬೆನ್ನಿಂದ ಹೊಟ್ಟೆ ತನಕ ಪಟ್ಟಿ ತರ ಕೆಂಪಗೆ ನೀರುಗುಳ್ಳೆ, ಅದೂ ಬಲಗಡೆ ಮಾತ್ರ, ಸೆರಗು ತಾಗಿದ್ರೂ ಚೀರ್ತಿದ್ರು. ಮೆಡಿಕಲ್ ಶಾಪಲ್ಲಿ ಕೇಳಿದ್ದಕ್ಕೆ ಒಂದು ಆಯಿಂಟ್‌ಮೆಂಟ್ ಕೊಟ್ಟು ಕಳಿಸಿದ್ರು, ಪಕ್ಕದ್ಮನೆಯೋರು ಕೆಮ್ಮಣ್ಣು ಬರೆಸಿ ಅಂದ್ರು, ಇದರಲ್ಲೇ ಇನ್ನೊಂದು ದಿನ ಹೋಯ್ತು. ಆ ಒಂದು ದಿನ ಇನ್ಯಾರ ಮನೇಲೂ ಹಾಳಾಗ್ಬಾರ್ದು ಅಂತ ಇಷ್ಟು ಬರೀತಿದೀನಿ.

ಸರ್ಪಸುತ್ತು ಹರ್ಪಿಸ್ ಜಾತಿಯ ವೈರಸ್ಸಿಂದ ಬರೋದು. ಚಿಕ್ಕೋರಿದ್ದಾಗ ಚಿಕನ್ ಪಾಕ್ಸ್ ಬಂದಿರುತ್ತಲ್ಲ, ನಮ್ಮೋರು ಅಮ್ಮ ಆಗಿದೆ ಅಂತಾರಲ್ಲ, ಅದೇ ವೈರಸ್ಸು ನರದ ಬುಡದಲ್ಲಿ ಸುಮ್ನೆ ಕೂತಿದ್ದು ವಯಸ್ಸಾದ್ಮೇಲೆ ಇಲ್ಲಾ ಮೈಯಲ್ಲಿ ಶಕ್ತಿ ಕಮ್ಮಿ ಆದಾಗ ಏಳುತ್ತೆ. ಒಂದು ನರದ ದಾರಿ ಹಿಡಿದು ಬರೋದ್ರಿಂದ ಒಂದೇ ಕಡೆ ಇರುತ್ತೆ. ಹೆಡೆ ಬಾಲ ಕೂಡಿದ್ರೆ ಜೀವ ಹೋಗುತ್ತೆ ಅನ್ನೋದು ಸುಳ್ಳು, ಹೆದರ್ಬೇಡಿ. ದೇವ್ರಿಗೆ ಹರಕೆ ಹೊತ್ಕೊಳ್ಳಿ, ನಾವೂ ಹೊತ್ಕೊಂಡ್ವಿ, ಆದ್ರೆ ಒಡೆದಿರೋ ಗುಳ್ಳೆ ಮೇಲೆ ಮಣ್ಣು ಮಾತ್ರ ಹಚ್ಬೇಡಿ, ಕೀವಾಗುತ್ತೆ.

ಇದಕ್ಕೆ ಕೊಡೋದು ಅಸೈಕ್ಲೋವಿರ್ ಇಲ್ಲಾ ವಾಲಾಸೈಕ್ಲೋವಿರ್ ಮಾತ್ರೆ. ಇವು ವೈರಸ್ಸನ್ನ ಪೂರ್ತಿ ಓಡಿಸಲ್ಲ, ಅದು ಮರಿ ಹಾಕೋದನ್ನ ನಿಲ್ಲಿಸುತ್ತೆ ಅಷ್ಟೇ. ಅದಕ್ಕೇ ಗುಳ್ಳೆ ಕಂಡ 72 ಗಂಟೆ ಒಳಗೆ ಶುರು ಮಾಡ್ಬೇಕು ಅನ್ನೋದು. ಟೈಮ್ ದಾಟಿದೆ ಅಂತ ಮನೇಲಿ ಕೂರ್ಬೇಡಿ, ಹೊಸ ಗುಳ್ಳೆ ಏಳ್ತಾನೇ ಇದ್ರೆ ಆಮೇಲೂ ಕೊಡ್ತಾರೆ. ಹಣೆ, ಕಣ್ಣಿನ ಸುತ್ತ, ಮೂಗಿನ ತುದೀಲಿ ಬಂದಿದ್ರೆ ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಓಡಿ, ದೃಷ್ಟಿಗೇ ಕುತ್ತು.

ನಾವು ಹಾಸನಕ್ಕೆ ಕರ್ಕೊಂಡೋದ್ವಿ, ಚರ್ಮದ ಡಾಕ್ಟ್ರು ಅಸೈಕ್ಲೋವಿರ್ 800 ಮಿ.ಗ್ರಾಂ ಬರೆದ್ರು, ದಿನಕ್ಕೆ 5 ಸಲ, 7 ದಿನ. ಅಂದ್ರೆ 35 ಮಾತ್ರೆ, ಅಂಗಡೀಲೇ ಎಣಿಸ್ಕೊಳ್ಳಿ. ಸ್ಟ್ರಿಪ್ ಮೇಲಿನ ನಂಬರೂ ನೋಡಿ, 200, 400 ಕೂಡ ಬರುತ್ತೆ. ಈ ಮಾತ್ರೆ ಮೈಯಿಂದ ಬೇಗ ಇಳಿದೋಗುತ್ತೆ, ಅದಕ್ಕೇ 5 ಸಲ. ನಮ್ಮನೇಲಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಮಾಡ್ಕೊಂಡ್ವಿ. ಅಡುಗೆಮನೆ ಕ್ಯಾಲೆಂಡರಲ್ಲಿ ಪ್ರತಿ ದಿನದ ಚೌಕದಲ್ಲಿ ಐದು ಚುಕ್ಕಿ ಇಟ್ಟು, ನುಂಗಿದ ತಕ್ಷಣ ಅತ್ತೇನೇ ಪೆನ್ನಲ್ಲಿ ಒಂದೊಂದು ಹೊಡ್ದಾಕೋರು. ಒಂದು ಮರೆತ್ರೆ ನೆನಪಾದಾಗ ತಗೊಳ್ಳಿ, ಮುಂದಿಂದಕ್ಕೆ ಹತ್ರ ಆಗಿದ್ರೆ ಬಿಟ್ಬಿಡಿ, ಎರಡು ಒಟ್ಟಿಗೆ ನುಂಗ್ಬೇಡಿ. ಇಷ್ಟು ಸಲ ಆಗಲ್ಲ ಅಂದ್ರೆ ವಾಲಾಸೈಕ್ಲೋವಿರ್ ಕೇಳಿ, ಅದು ದಿನಕ್ಕೆ 3 ಸಲ ಸಾಕು, ರೇಟ್ ಸ್ವಲ್ಪ ಜಾಸ್ತಿ. ಮೂರನೇ ದಿನಕ್ಕೆ ಗುಳ್ಳೆ ಬಾಡ್ತು ಅಂತ ನಿಲ್ಲಿಸ್ಬೇಡಿ.

ಮುಖ್ಯವಾದ್ದು ಕಿಡ್ನಿ. ಈ ಔಷಧಿ ಹೊರಗೆ ಹೋಗೋದೇ ಮೂತ್ರದಲ್ಲಿ, ಹಂಗಾಗಿ ನೀರು ಚೆನ್ನಾಗಿ ಕುಡೀಬೇಕು. ಶುಗರ್ ಬಿಪಿ ಇರೋ ವಯಸ್ಸಾದೋರಿಗೆ ಕ್ರಿಯಾಟಿನಿನ್ ಟೆಸ್ಟ್ (ಕಿಡ್ನಿ ಹೆಂಗಿದೆ ಅಂತ ನೋಡೋ ರಕ್ತ ಪರೀಕ್ಷೆ) ಮಾಡ್ಸಿದೀವಾ ಅಂತ ಡಾಕ್ಟ್ರಿಗೆ ನೀವೇ ಹೇಳಿ, ಕಿಡ್ನಿ ವೀಕ್ ಇದ್ರೆ ಡೋಸ್ ಇಳಿಸ್ತಾರೆ. ಕಾಲು ನೋವು ಸೊಂಟ ನೋವು ಅಂತ ಕೇಳ್ದೆ ಪೇನ್ ಕಿಲ್ಲರ್ ತಗೊಳ್ಳೋ ಅಭ್ಯಾಸ ಇದ್ದೋರು ಅದನ್ನೂ ಮುಚ್ಚಿಡ್ದೆ ಹೇಳಿ, ಎರಡೂ ಸೇರಿ ಕಿಡ್ನಿಗೆ ಭಾರ. ಮಾತ್ರೆ ನಡುವೆ ಅಜ್ಜಿ ತಾತ ಏನೇನೋ ಬಡಬಡಿಸ್ತಿದ್ರೆ, ತೂಕಡಿಸ್ತಾನೇ ಇದ್ರೆ, ಮೂತ್ರ ಕಮ್ಮಿ ಆದ್ರೆ ಮುಂದಿನ ಮಾತ್ರೆ ಕೊಡೋ ಮೊದ್ಲೇ ಡಾಕ್ಟ್ರಿಗೆ ತೋರ್ಸಿ. ಹೊಟ್ಟೆ ತೊಳೆಸೋದು, ತಲೆನೋವು ಸಾಮಾನ್ಯ, ತಿಂಡಿ ಆದ್ಮೇಲೆ ತಗೊಂಡ್ರೆ ತಡ್ಕೊಬೋದು.

ಗುಳ್ಳೆ ಒಣಗಿ ಹಕ್ಕಳೆ ಕಟ್ಟೋ ತನಕ ಬಸುರಿ ಹೆಂಗಸ್ರು, ಎಳೆ ಮಕ್ಳು ಹತ್ರ ಬರ್ಬಾರ್ದು. ತೆಳ್ಳಗಿನ ಕಾಟನ್ ಬಟ್ಟೆ ಮುಚ್ಚಿಡಿ.

ತುಟಿ ಅಂಚಲ್ಲಿ, ಗುಪ್ತಾಂಗದಲ್ಲಿ ಪದೇ ಪದೇ ಬರೋ ಹರ್ಪಿಸ್ಸಿಗೂ ಇದೇ ಔಷಧಿ, ಆದ್ರೆ ಡೋಸ್ ಬೇರೆ, ಆ ಚೀಟಿ ಇದಕ್ಕೆ ಈ ಚೀಟಿ ಅದಕ್ಕೆ ಓಡಲ್ಲ. ಅದನ್ನ ನಾಚ್ಕೊಂಡು ಮುಚ್ಚಿಡೋರೇ ಜಾಸ್ತಿ, ದಯವಿಟ್ಟು ಹೋಗಿ ತೋರ್ಸಿ, ಡಾಕ್ಟ್ರಿಗೆ ಅದು ದಿನಾ ನೋಡೋ ಕಾಯಿಲೆ.

ಅತ್ತೆಗೆ ಗಾಯ ಮೂರು ವಾರಕ್ಕೆ ಒಣಗ್ತು, ಚುಚ್ಚೋ ನೋವು ಮಾತ್ರ ಎರಡು ತಿಂಗಳು ಇತ್ತು. ಅದು ನರದ ನೋವು, ಅದಕ್ಕೆ ಈ ಮಾತ್ರೆ ಮತ್ತೆ ನುಂಗಿ ಪ್ರಯೋಜನ ಇಲ್ಲ, ಗ್ಯಾಬಾಪೆಂಟಿನ್ ತರದ್ದು ಬೇರೆ ಕೊಡ್ತಾರೆ. 50 ದಾಟಿದೋರಿಗೆ ಶಿಂಗ್ರಿಕ್ಸ್ ಅಂತ ಲಸಿಕೆ ಇದೆ, 2 ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸ್. ದುಬಾರಿನೇ, ಆದ್ರೂ ಅತ್ತೆ ಆ ರಾತ್ರಿಗಳಲ್ಲಿ ಮಲಗಕ್ಕಾಗ್ದೆ ಜಗಲೀಲಿ ಕೂತಿರ್ತಿದ್ದದ್ದು ನೋಡಿದ ಮಾವ ತಾವೇ ಕೇಳಿ ಹಾಕಿಸ್ಕೊಂಡ್ರು.