ಕಾಫಿ ಸೀಸನ್ ನಡುವೆ ಬಿಸಿಎ ಮುಗಿಸಿದ್ದು

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದ್ರೆ ತೋಟದಿಂದ ಬಂದ ಕಾಫಿಯನ್ನು ಸಿಪ್ಪೆ ತೆಗೆದು ಹದ ಮಾಡುವ ಕಾರ್ಖಾನೆಯಲ್ಲಿ, ಲೆಕ್ಕ ಬರೆಯುವವನು. ಪಿಯುಸಿ ಮುಗಿಸಿ, ಟ್ಯಾಲಿ ಕಲಿತು ಕೆಲಸಕ್ಕೆ ಸೇರಿದ್ದೆ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ದೂರಶಿಕ್ಷಣದ ಮುಕ್ತ ವಿಶ್ವವಿದ್ಯಾಲಯ ಇಗ್ನೋದಲ್ಲಿ ಕಂಪ್ಯೂಟರ್ ಪದವಿ ಬಿಸಿಎಗೆ ಹೆಸರು ಹಚ್ಚಿದೆ. ಮೂರು ವರ್ಷದ ಕೋರ್ಸ್, ಆದರೆ ಮುಗಿಸಲು ಆರು ವರ್ಷದವರೆಗೆ ಕಾಲಾವಕಾಶ ಇತ್ತು. ಅದನ್ನು ನೋಡಿಯೇ ಸೇರಿದ್ದು.

ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಡಿಸೆಂಬರ್ ಅಂದ್ರೆ ನಮ್ಮ ಕಡೆ ಅರೇಬಿಕಾ ಕೊಯ್ಲು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಗೇಟಿನಲ್ಲಿ ಲಾರಿ ನಿಂತಿರುವಾಗ ‘ಸಾರ್, ನಾಳೆ ಪರೀಕ್ಷೆ’ ಎಂದು ರಜೆ ಕೇಳಲು ಬಾಯಿ ಬರುತ್ತದಾ? ಹಾಗಾಗಿ ಡಿಸೆಂಬರ್‌ಗೆ ಒಂದೆರಡು ಹಗುರ ಪೇಪರ್ ಮಾತ್ರ ಇಟ್ಟುಕೊಂಡೆ, ಭಾರದ್ದೆಲ್ಲ ಜೂನ್‌ಗೆ. ಯಾವ ಪೇಪರಿಗೆ ಕೂರಬೇಕೋ ಅದಕ್ಕಷ್ಟೇ ಶುಲ್ಕ ಕಟ್ಟಿದರೆ ಸಾಕು. ಜೂನ್‌ನಲ್ಲಿ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ನಿಜ. ಇಗ್ನೋದ ಪಾಠಗಳು ಸಿಗುವ ವೆಬ್‌ಸೈಟ್ ಇ-ಜ್ಞಾನಕೋಶದ ಪಿಡಿಎಫ್‌ಗಳನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡಿರುತ್ತಿದ್ದೆ.

ಅಸೈನ್‌ಮೆಂಟ್‌ಗಳನ್ನು ಮಾತ್ರ ಮುಂದಕ್ಕೆ ಹಾಕಲೇಬಾರದು. ಪರೀಕ್ಷೆ ಎಷ್ಟೇ ಚೆನ್ನಾಗಿ ಬರೆದಿರಿ, ಅವನ್ನು ಸಲ್ಲಿಸದಿದ್ದರೆ ಆ ಪೇಪರ್ ಮುಗಿಯುವುದಿಲ್ಲ. ಪ್ರಾಕ್ಟಿಕಲ್‌ಗೆ 70% ಹಾಜರಿ ಕಡ್ಡಾಯ. ಲ್ಯಾಬ್‌ಗೆ ನಾನು ಬೇಲೂರು ದಾಟಿ ಹೋಗಬೇಕಿತ್ತು. ಓದಿಗಿಂತ ಈ ಓಡಾಟವೇ ಜಾಸ್ತಿ ಸುಸ್ತು ಮಾಡಿದ್ದು.

ಸಿ ಭಾಷೆಯ ಪಾಯಿಂಟರ್ ಬಹಳ ದಿನ ತಲೆಗೆ ಹತ್ತಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗರು ಅದನ್ನು ಸಲೀಸಾಗಿ ಬರೆಯುತ್ತಿದ್ದರು. ಆದರೆ ಡೇಟಾಬೇಸ್ ಪೇಪರ್ ಬಂದಾಗ ಸರದಿ ನನ್ನದಾಯಿತು. ನಾರ್ಮಲೈಸೇಶನ್, ಅಂದ್ರೆ ಒಂದೇ ಮಾಹಿತಿ ಪದೇ ಪದೇ ಬರದಂತೆ ಟೇಬಲ್‌ಗಳನ್ನು ಬಿಡಿಸಿಡುವ ಪಾಠ ಓದುತ್ತಿದ್ದಂತೆ ನಮ್ಮ ಆಫೀಸಿನ ಎಕ್ಸೆಲ್ ಶೀಟ್ ಕಣ್ಣ ಮುಂದೆ ಬಂತು. ರಸೀದಿ ನಂಬರ್, ತಾರೀಕು, ಪ್ಲಾಂಟರ್ ಹೆಸರು, ಊರು, ಫೋನ್, ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಚೆರಿಯೋ (ಹಣ್ಣಾಗಿಯೇ ಒಣಗಿಸಿದ್ದು), ಎಷ್ಟು ಮೂಟೆ, ತೂಕ, ಎಲ್ಲವೂ ಒಂದೇ ಸಾಲಿನಲ್ಲಿ. ಮೂಡಿಗೆರೆಯ ಒಬ್ಬರೇ ಗೌಡರು ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬರೀ ಎಸ್ಟೇಟ್ ಹೆಸರಲ್ಲಿ. ವರ್ಷದ ಕೊನೆಗೆ ಅವರ ಒಟ್ಟು ಎಷ್ಟು ಎಂದರೆ ಮೂರು ಉತ್ತರ.

ಊರು, ಫೋನ್ ಸೇರಿದ್ದು ಪ್ಲಾಂಟರಿಗೆ, ರಸೀದಿಗಲ್ಲ. ಅದನ್ನು ಬೇರೆ ಟೇಬಲ್‌ನಲ್ಲಿ ಇಡು, ರಸೀದಿಯಲ್ಲಿ ಪ್ಲಾಂಟರ್ ಐಡಿ ಒಂದೇ ಸಾಕು. ನಾರ್ಮಲೈಸೇಶನ್‌ನ ಮೂರನೇ ಹಂತ, ಥರ್ಡ್ ನಾರ್ಮಲ್ ಫಾರ್ಮ್ ಅಂದ್ರೆ ಇಷ್ಟೇ ಅಲ್ವಾ! ಐಬಿಎಂ ಕಂಪನಿಯ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲೇ ಟೇಬಲ್‌ಗಳ ಈ ಲೆಕ್ಕಾಚಾರ ಮುಂದಿಟ್ಟಿದ್ದರು. ನಾವು ಇನ್ನೂ ಕಾಪಿ-ಪೇಸ್ಟ್ ಮಾಡುತ್ತಿದ್ದೆವು.

ಅದಾದ ಮೇಲೆ ಸಿಸ್ಟಮ್ ಅನಾಲಿಸಿಸ್, ಡೇಟಾ ಫ್ಲೋ ಡಯಾಗ್ರಾಮ್ (ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಚಿತ್ರ), ಎಲ್ಲಕ್ಕೂ ಗೇಟಿನಿಂದ ಗೋಡೌನ್‌ವರೆಗಿನ ದಾರಿಯನ್ನೇ ಬರೆದೆ. ಕೊನೆಯ ಪ್ರಾಜೆಕ್ಟ್ ಕೂಡ ಅದೇ. ಏನು ಮಾಡುತ್ತೇವೆ ಎಂಬ ಸಾರಾಂಶ, ಅಂದ್ರೆ ಸಿನಾಪ್ಸಿಸ್, ಮೊದಲು ಒಪ್ಪಿಗೆಯಾಗಬೇಕು, ಆಮೇಲೆ ಕೆಲಸ. ಪ್ರಾಜೆಕ್ಟ್ ರೆಡಿ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ, ದುಡ್ಡು ಕೊಡಬೇಡಿ. ವೈವಾದಲ್ಲಿ ನನ್ನನ್ನು ಕೇಳಿದ್ದು ಕೋಡ್ ಅಲ್ಲ. ‘ಒಂದೇ ಲಾಟಿನ ಅರ್ಧದಷ್ಟು ಮೂಟೆಗಳು ಇವತ್ತು, ಉಳಿದವು ನಾಳೆ ಬಂದರೆ?’ ಎಂದರು. ನಮ್ಮಲ್ಲಿ ಅದು ದಿನನಿತ್ಯದ ಕತೆ. ಲಾಟಿಗೊಂದು ಟೇಬಲ್, ಬಂದ ಸರಕಿಗೆ ಇನ್ನೊಂದು ಟೇಬಲ್ ತೋರಿಸಿದೆ.

ಈಗ ಸೇರುವವರು ಯಾವ ವಿಶ್ವವಿದ್ಯಾಲಯವೇ ಆಗಲಿ, ಆ ವರ್ಷ ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಒಪ್ಪಿಗೆ ಇದೆಯಾ ಎಂದು ಆ ಬ್ಯೂರೋದ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. 2024ರಿಂದ ಡಿಇಬಿ ಐಡಿ, ಅಂದ್ರೆ ಅದೇ ಬ್ಯೂರೋದ ವೆಬ್‌ಸೈಟಿನಲ್ಲಿ ವಿದ್ಯಾರ್ಥಿ ಮಾಡಿಕೊಳ್ಳುವ ಗುರುತಿನ ಸಂಖ್ಯೆ ಕೂಡ ಬೇಕು.

ಡಿಗ್ರಿ ಬಂದ ತಕ್ಷಣ ಸಂಬಳವೇನೂ ಏರಲಿಲ್ಲ. ಆದರೆ ಸಾಫ್ಟ್‌ವೇರ್ ಮಾರುವವರು ಬಂದರೆ ಯಜಮಾನರು ನನ್ನನ್ನು ಕರೆಸುತ್ತಾರೆ. ‘ನೋಡಪ್ಪಾ, ನೀನೇ ಮಾತಾಡು’ ಅಂತಾರೆ. ನಾನು ಮೊದಲು ಕೇಳುವುದು, ನಮ್ಮ ಡೇಟಾ ಪೂರ್ತಿ ಹೊರಗೆ ತೆಗೆಯಲು ಬರುತ್ತದಾ ಎಂದು. ಅರ್ಧ ಜನ ಅಲ್ಲೇ ತಡವರಿಸುತ್ತಾರೆ.