ಯುರೋಪಿನಲ್ಲಿ ಹೊಸ ಕಾಯ್ದೆ ಬಂತಂತೆ ಅಂದಾಗ ಏನೇನು ನೋಡಬೇಕು

ಶಿರಸಿಯ ಕಾಳುಮೆಣಸು ವ್ಯಾಪಾರದ ಅಂಗಡಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಮಾಲು ನಮ್ಮಿಂದ ನೇರ ಹಡಗು ಹತ್ತುವುದಿಲ್ಲ, ದೊಡ್ಡ ರಫ್ತುದಾರರ ಕೈಗೆ ಹೋಗಿ ಅಲ್ಲಿಂದ ಮುಂದೆ ಹೋಗುತ್ತದೆ. ಆದರೂ "ಯುರೋಪಿನವರು ಏನೋ ಬಂದ್ ಮಾಡಿದ್ರಂತಲ್ಲ, ಹೌದೋ?" ಅನ್ನುವ ಫೋನು ತೋಟಿಗರಿಂದ ಬರುವುದು ನನಗೇ. ಹಾಗಾಗಿ ಯುರೋಪಿಯನ್ ಒಕ್ಕೂಟದ ಸುದ್ದಿಯನ್ನು ಸೋಸಿ ಓದುವ ಒಂದು ಕ್ರಮ ರೂಢಿಯಾಗಿದೆ. ಅದು ಇಲ್ಲಿದೆ.

ಮೊದಲು ಅದು ಬರೀ ಪ್ರಸ್ತಾವವೋ, ಪಾಸಾದ ಕಾಯ್ದೆಯೋ ನೋಡಿ. ಕಾಯ್ದೆಯ ಕರಡು ಮಂಡಿಸುವ ಅಧಿಕಾರ ಬ್ರಸೆಲ್ಸ್‌ನಲ್ಲಿರುವ ಯುರೋಪಿಯನ್ ಆಯೋಗದ್ದು, ಅಂದರೆ ಒಕ್ಕೂಟದ ಆಡಳಿತ ನಡೆಸುವವರದ್ದು. 720 ಸದಸ್ಯರ ಸಂಸತ್ತು, 27 ದೇಶಗಳ ಮಂತ್ರಿಗಳು ಕೂರುವ ಮಂಡಳಿ, ಇಬ್ಬರೂ ಒಪ್ಪಿದರೆ ಮಾತ್ರ ಅದು ಕಾಯ್ದೆ. ಕೀಟನಾಶಕ ಬಳಕೆಯನ್ನು 2030ರೊಳಗೆ ಅರ್ಧಕ್ಕಿಳಿಸಬೇಕೆಂದು ಆಯೋಗ 2022ರಲ್ಲಿ ಕರಡು ತಂದಿತು. 2023ರ ನವೆಂಬರಿನಲ್ಲಿ ಸಂಸತ್ತು ಅದನ್ನು ತಿರಸ್ಕರಿಸಿತು. 2024ರ ಫೆಬ್ರುವರಿಯಲ್ಲಿ, ಅಲ್ಲಿನ ರೈತರು ಟ್ರ್ಯಾಕ್ಟರ್ ತಂದು ರಸ್ತೆಗೆ ಅಡ್ಡ ನಿಲ್ಲಿಸಿದ್ದ ಹೊತ್ತಿನಲ್ಲಿ, ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ವಾಪಸ್ ಪಡೆಯುವುದಾಗಿ ಹೇಳಿದರು. ಇದನ್ನು ಕೇಳಿ "ಹಾಗಾದ್ರೆ ಇನ್ನು ಔಷಧಿ ಹೊಡೆದ ಮೆಣಸೂ ನಡೀತದೆ" ಅಂದುಕೊಂಡರೆ ಕೆಟ್ಟಿರಿ. ಬಿದ್ದು ಹೋದದ್ದು ಅವರ ಹೊಲದ ಸಿಂಪರಣೆಯ ಲೆಕ್ಕ. ನಮ್ಮ ಮೆಣಸಿನಲ್ಲಿ ಔಷಧಿಯ ಎಷ್ಟು ಶೇಷ ಉಳಿಯಬಹುದು ಅನ್ನುವುದು 396/2005 ಸಂಖ್ಯೆಯ ಬೇರೆಯೇ ಕಾಯ್ದೆ. ಪ್ರತ್ಯೇಕ ಮಿತಿ ಗೊತ್ತುಮಾಡದ ಔಷಧಿಗೆ ಕಿಲೋಗೆ 0.01 ಮಿಲಿಗ್ರಾಂ ಅನ್ನುವ ಅದರ ಗೆರೆ ಒಂದಿಷ್ಟೂ ಅಲ್ಲಾಡಲಿಲ್ಲ.

ಎರಡನೆಯದು, ಈ ವಿಷಯಕ್ಕೆ ಎಷ್ಟು ದೇಶಗಳ ಒಪ್ಪಿಗೆ ಬೇಕು ಅನ್ನುವುದು. ನನ್ನ ಮಟ್ಟಿಗೆ ಒಕ್ಕೂಟದ ಇಡೀ ಜಗಳವೇ ಇಲ್ಲಿದೆ. ಕೃಷಿ, ವ್ಯಾಪಾರ, ಪರಿಸರದಂಥ ಹೆಚ್ಚಿನ ವಿಷಯಗಳಿಗೆ ಮಂಡಳಿಯಲ್ಲಿ ಶೇ. 55ರಷ್ಟು ದೇಶಗಳು, ಅಂದರೆ 27ರಲ್ಲಿ 15, ಕೂಡಿ ಒಟ್ಟು ಜನಸಂಖ್ಯೆಯ ಶೇ. 65 ಆದರೆ ಸಾಕು. ತಡೆಯಬೇಕೆಂದರೆ ಕನಿಷ್ಠ ನಾಲ್ಕು ದೇಶ ಸೇರಬೇಕು. ತೆರಿಗೆ, ವಿದೇಶಾಂಗ ನೀತಿ, ಏಳು ವರ್ಷದ ಬಜೆಟ್ಟು, ಹೊಸ ದೇಶದ ಸೇರ್ಪಡೆ ಇವಕ್ಕೆ ಮಾತ್ರ ಎಲ್ಲರೂ ಹೂಂ ಅನ್ನಬೇಕು. ಪಾಲಾಗದ ತೋಟದ ಹಾಗೆ, ಒಬ್ಬ ತಮ್ಮ ಸಹಿ ಹಾಕದಿದ್ದರೂ ಕಾಗದ ಮುಂದೆ ಹೋಗುವುದಿಲ್ಲ.

2023ರ ಡಿಸೆಂಬರಿನಲ್ಲಿ ನಡೆದ ಒಕ್ಕೂಟದ ನಾಯಕರ ಶೃಂಗಸಭೆಯಲ್ಲಿ ಉಕ್ರೇನ್ ಜೊತೆ ಸೇರ್ಪಡೆಯ ಮಾತುಕತೆ ಶುರುಮಾಡುವ ತೀರ್ಮಾನದ ಹೊತ್ತಿಗೆ ಹಂಗೇರಿಯ ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಕೋಣೆಯಿಂದ ಎದ್ದು ಹೊರಗೆ ಹೋದರು. ಉಳಿದ 26 ಜನ ತೀರ್ಮಾನ ಮಾಡಿ ಮುಗಿಸಿದರು. ಅದೇ ಸಭೆಯಲ್ಲಿ ಉಕ್ರೇನಿಗೆ 5,000 ಕೋಟಿ ಯುರೋ ನೆರವಿನ ಮಾತು ಬಂದಾಗ ಅದೇ ಓರ್ಬಾನ್ ಅಡ್ಡ ಹಾಕಿದರು. ಅದು ಇತ್ಯರ್ಥವಾದದ್ದು 2024ರ ಫೆಬ್ರುವರಿ 1ಕ್ಕೆ. ಆದ್ದರಿಂದ ದೊಡ್ಡ ಸುದ್ದಿ ಬಂದಾಗಲೆಲ್ಲ ಯಾರು ಪರ ಅನ್ನುವುದಕ್ಕಿಂತ ಯಾರು ತಡೆಯಬಲ್ಲರು ಅಂತ ಮೊದಲು ಹುಡುಕುತ್ತೇನೆ.

ಒಂದೇ ದೇಶ ಎಲ್ಲವನ್ನೂ ತಡೆಯುವ ಈ ವೀಟೊ ತೆಗೆಯಬೇಕು ಅನ್ನುವುದೇ ಅಲ್ಲಿನ ಸುಧಾರಣೆಯ ಮುಖ್ಯ ವಾದ. ಒಕ್ಕೂಟದ ಮೂಲ ಒಪ್ಪಂದ ತಿದ್ದದೆಯೇ ಕೆಲವು ವಿಷಯಗಳನ್ನು ಬಹುಮತಕ್ಕೆ ಬದಲಾಯಿಸುವ ದಾರಿಯೊಂದು 2009ರಲ್ಲಿ ಜಾರಿಯಾದ ಲಿಸ್ಬನ್ ಒಪ್ಪಂದದಲ್ಲೇ ಇದೆ. ಆದರೆ ಆ ದಾರಿ ಹಿಡಿಯಲೂ ಎಲ್ಲ ನಾಯಕರ ಒಪ್ಪಿಗೆ ಬೇಕು, ಮೇಲಿಂದ ಯಾವುದೇ ಒಂದು ದೇಶದ ಸಂಸತ್ತು ಆರು ತಿಂಗಳೊಳಗೆ ಬೇಡ ಅಂದರೆ ಅಲ್ಲಿಗೆ ಮುಗಿಯಿತು. 2023ರ ನವೆಂಬರಿನಲ್ಲಿ ಒಪ್ಪಂದವನ್ನೇ ತಿದ್ದಬೇಕೆಂದು ಯುರೋಪಿನ ಸಂಸತ್ತು ಗೊತ್ತುವಳಿ ಮಾಡಿತು, 291 ಪರ, 274 ವಿರುದ್ಧ. ಸಂಸತ್ತಿನೊಳಗೇ ಇಷ್ಟು ಕೂದಲೆಳೆಯ ಅಂತರ ಇರುವಾಗ 27 ದೇಶ ಒಂದಾಗುವುದು ಯಾವಾಗ? "ಯುರೋಪ್ ಒಕ್ಕೂಟದಲ್ಲಿ ಭಾರಿ ಬದಲಾವಣೆ" ಅನ್ನುವ ತಲೆಬರಹ ಕಂಡರೆ ನಾನು ಚಾ ಕುಡಿದು ಬಂದು ಓದುತ್ತೇನೆ.

ವರದಿಗಳ ಕಥೆಯೂ ಇದೇ. ಸ್ಪರ್ಧಾಶಕ್ತಿ ಉಳಿಯಬೇಕಾದರೆ ವರ್ಷಕ್ಕೆ 75,000ದಿಂದ 80,000 ಕೋಟಿ ಯುರೋ ಹೆಚ್ಚಿನ ಹೂಡಿಕೆ ಬೇಕೆಂದು ಇಟಲಿಯ ಮಾಜಿ ಪ್ರಧಾನಿ ಮಾರಿಯೊ ದ್ರಾಗಿ 2024ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟರು. ಒಳ್ಳೆಯ ವರದಿ, ಆದರೆ ವರದಿ ಅಷ್ಟೇ. ಒಟ್ಟಾಗಿ ಸಾಲ ಮಾಡೋಣ ಅಂದರೆ ನೆದರ್ಲೆಂಡ್ಸ್‌ನಂಥ ದೇಶಗಳು ಮುಖ ತಿರುಗಿಸುತ್ತವೆ.

ಮೂರನೆಯದು ಜಾರಿಯ ದಿನಾಂಕ. ಕಾಯ್ದೆಗಳೆಲ್ಲ ಯೂರ್-ಲೆಕ್ಸ್ ಅನ್ನುವ ಅಧಿಕೃತ ತಾಣದಲ್ಲಿ 24 ಭಾಷೆಗಳಲ್ಲಿ ಪುಕ್ಕಟೆ ಸಿಗುತ್ತವೆ. ಸಂಖ್ಯೆ ಕೊಟ್ಟು ಹುಡುಕಿ, ಸಂಖ್ಯೆ ಇಲ್ಲದ ಫಾರ್ವರ್ಡನ್ನು ಅಲ್ಲೇ ಬಿಡಿ. 2015ರ ನಂತರದ ಕಾಯ್ದೆಗಳಿಗೆ ವರ್ಷ ಮೊದಲು ಬರುತ್ತದೆ, 2023/1115 ಅಂತ. ಆ 2023/1115 ಅರಣ್ಯನಾಶ ತಡೆಯ ಕಾಯ್ದೆ. ಪುಟ ತೆರೆದವನೇ ನಾನು ತಳಕ್ಕೆ ಇಳಿಯುತ್ತೇನೆ, ಯಾಕೆಂದರೆ ಯಾವಾಗಿಂದ ಅನ್ವಯ ಅನ್ನುವುದು ಕೊನೆಯ ವಿಧಿಯಲ್ಲಿರುತ್ತದೆ, ಇದರಲ್ಲಿ 38ನೆಯದು. ತಿದ್ದುಪಡಿ ಸೇರಿಸಿದ ಪ್ರತಿಯನ್ನೇ ನೋಡಬೇಕು. ಮೂಲದಲ್ಲಿ 2024ರ ಡಿಸೆಂಬರ್ 30 ಇತ್ತು, ಒಂದು ವರ್ಷ ಮುಂದೆ ಹಾಕಿದರು, ಮತ್ತೆ ಹಾಕಿ 2026ರ ಡಿಸೆಂಬರ್ 30 ಮಾಡಿದರು. ಸಣ್ಣ ಉದ್ಯಮಗಳಿಗೆ 2027ರ ಜೂನ್ 30. ಹೇಳಿದ ದಿನಕ್ಕೇ ತಯಾರಾಗಿ ದುಡ್ಡು ಹಾಕಿದವರು ಮುಖ ನೋಡುವಂತಾಯಿತು. ಇದು ನನಗೆ ಸಿಟ್ಟು ಬರುವ ವಿಷಯ.

ಆ ಕಾಯ್ದೆಯಲ್ಲಿ ಮೆಣಸಿಲ್ಲ, ಅಡಿಕೆಯೂ ಇಲ್ಲ. ಕಾಫಿ, ರಬ್ಬರು, ಮರ ಇವೆ. ಹಾಗಾಗಿ ಅಡಿಕೆಯ ನಡುವೆ ಕಾಫಿ ಹಾಕಿದವರಿಗೆ ನಾನು ಹೇಳುವುದು ಇಷ್ಟು: ಪಹಣಿ ತೆಗೆಸಿಡಿ, ತೋಟದೊಳಗೆ ನಿಂತು ಫೋನಿನಲ್ಲಿ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. 4 ಹೆಕ್ಟೇರಿನೊಳಗಿದ್ದರೆ ಒಂದು ಬಿಂದು ಸಾಕು, ಮೇಲಿದ್ದರೆ ಸುತ್ತಲ ಗಡಿಯೂ ಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಬೆಳೆ ಅಲ್ಲಿಗೆ ಹೋಗುವಂತಿಲ್ಲ. ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ, ಕಾಫಿ ಏರಿಸಬೇಕೆಂದಿರುವವರು ಈ ಸಾಲನ್ನು ಇನ್ನೊಮ್ಮೆ ಓದಿ. ಭಾರತ ಅವರ ಕಡಿಮೆ ಅಪಾಯದ ಪಟ್ಟಿಯಲ್ಲಿದೆ ನಿಜ, ಅದರಿಂದ ತಪಾಸಣೆ ಕಡಿಮೆಯಾದೀತು, ದಾಖಲೆ ತಪ್ಪುವುದಿಲ್ಲ.

ಪೇಪರಿನಲ್ಲಿ ಬಾರದ ಸಂಗತಿ ಇನ್ನೊಂದಿದೆ. ನಮಗೆ ನಿಜವಾಗಿ ಪೆಟ್ಟು ಕೊಡುವುದು ಶೃಂಗಸಭೆಗಳಲ್ಲ, ಆಯೋಗ ಹೊರಡಿಸುವ ಅನುಷ್ಠಾನ ನಿಯಮಗಳು. ಸದಸ್ಯ ದೇಶಗಳ ತಜ್ಞರ ಸಮಿತಿ ಒಪ್ಪಿದರೆ ಆಯಿತು, ಸಂಸತ್ತಿನಲ್ಲಿ ಚರ್ಚೆಯೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. ಭಾರತದ ಸಾಕಿದ ಸಿಗಡಿಯಲ್ಲಿ ಶೇ. 10ರಷ್ಟು ಸರಕಿಗೆ ಆಗುತ್ತಿದ್ದ ಪರೀಕ್ಷೆಯನ್ನು 2016ರಲ್ಲಿ ಶೇ. 50ಕ್ಕೆ ಏರಿಸಿದ್ದು ಹೀಗೇ. ಘಟ್ಟದ ಕೆಳಗೆ ಕುಮಟೆಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ) ಸಿಗಡಿ ಬಿಟ್ಟವರಿಗೆ ಓರ್ಬಾನ್‌ಗಿಂತ ಇದು ಹತ್ತಿರದ ವಿಷಯ. ಮೆಣಸಿನವರು ನೋಡಬೇಕಾದದ್ದು 2019/1793. ಯಾವ ದೇಶದ ಯಾವ ಮಾಲಿಗೆ ಗಡಿಯಲ್ಲಿ ಹೆಚ್ಚಿನ ತಪಾಸಣೆ ಅನ್ನುವ ಪಟ್ಟಿ ಅದರ ಅನುಬಂಧದಲ್ಲಿದೆ, ಆರು ತಿಂಗಳೊಳಗೆ ಒಮ್ಮೆ ಪರಿಷ್ಕರಣೆಯಾಗುತ್ತದೆ. ಬ್ರೆಜಿಲಿನ ಕಾಳುಮೆಣಸು ಸಾಲ್ಮೊನೆಲ್ಲಾ ಅನ್ನುವ ರೋಗಾಣುವಿನ ಕಾರಣಕ್ಕೆ ಆ ಪಟ್ಟಿ ಸೇರಿತ್ತು. ಮೆಣಸನ್ನು ನೆಲದ ಮೇಲೆ ಹರವದೆ ಟಾರ್ಪಾಲಿನ ಮೇಲೆ ಒಣಗಿಸಿ, ಕೋಳಿ ನಾಯಿ ಹಾಯದಂತೆ ನೋಡಿಕೊಳ್ಳಿ ಅಂತ ನಾನು ಪದೇ ಪದೇ ಹೇಳುವುದು ಅದಕ್ಕೇ. ಪರಿಷ್ಕೃತ ಪಟ್ಟಿ ಬಂದಾಗ ಭಾರತದ ಸಾಲುಗಳನ್ನಷ್ಟೇ ಓದಿದರೂ ಸಾಕು, ಹತ್ತು ನಿಮಿಷದ ಕೆಲಸ.