ಕಪ್ಪು ಮರಳಿನ ಮೇಲಿನ ಮಂಜುಗಡ್ಡೆ: ಮಾಳಿಗೆಯ ಮೇಲೊಂದು ಪೂರ್ವಾಭ್ಯಾಸ

ಚಳಿಗಾಲದ ಐಸ್‌ಲ್ಯಾಂಡ್‌ನಲ್ಲಿ ಕಡಲ ದಂಡೆಯ ಮಂಜುಗಡ್ಡೆಗಳ ಛಾಯಾಚಿತ್ರ ತೆಗೆಯಲು ಹೊರಟಿರುವ ಕಲಬುರಗಿಯವರು ಆ ಕೆಲಸದ ಬಹುಭಾಗವನ್ನು ತಮ್ಮ ಮಾಳಿಗೆಯ ಮೇಲೆಯೇ ಕಲಿತುಕೊಳ್ಳಬಹುದು. ರಾಜಧಾನಿ ರೇಕ್ಯಾವಿಕ್‌ನಿಂದ ಪೂರ್ವಕ್ಕೆ ಸುಮಾರು 370 ಕಿ.ಮೀ. ದೂರದಲ್ಲಿರುವ ಯೋಕುಲ್ಸಾರ್ಲೋನ್ ಸರೋವರಕ್ಕೆ ವಟ್ನಾಯೋಕುಲ್ ಹಿಮರಾಶಿಯ ಕವಲೊಂದರಿಂದ ಗಡ್ಡೆಗಳು ಕಳಚಿ ಬೀಳುತ್ತವೆ. ಅವು ಕಿರಿದಾದ ಕಾಲುವೆಯ ಮೂಲಕ ಸಮುದ್ರ ಸೇರಿ, ಅಲೆಗಳ ಹೊಡೆತಕ್ಕೆ ಮತ್ತೆ ದಡಕ್ಕೆ ಬಂದು, ಜ್ವಾಲಾಮುಖಿಯ ಕಪ್ಪು ಮರಳಿನ ಮೇಲೆ ಬಿದ್ರಿ ಪಾತ್ರೆಯ ಬೆಳ್ಳಿ ಕುಸುರಿಯಂತೆ ಹೊಳೆಯುತ್ತವೆ.

ಐಸ್ ಫ್ಯಾಕ್ಟರಿಯಿಂದ ಬರ್ಫಿನ ದೊಡ್ಡ ತುಂಡೊಂದನ್ನು ತಂದು, ನೀರು ಹಾಕಿ ಕಪ್ಪಾಗಿಸಿದ ಶಹಾಬಾದ್ ಫರಸಿಯ ಮೇಲೆ ಇಡಿ. ಡಿಸೆಂಬರ್ 21ರ ನಡುಹಗಲಿನಲ್ಲಿ ಕಲಬುರಗಿಯ ಸೂರ್ಯ ಸುಮಾರು 49 ಡಿಗ್ರಿ ಎತ್ತರದಲ್ಲಿದ್ದರೆ, 64 ಡಿಗ್ರಿ ಅಕ್ಷಾಂಶದ ಆ ದಂಡೆಯಲ್ಲಿ ಮೂರು ಡಿಗ್ರಿಯನ್ನೂ ಮುಟ್ಟುವುದಿಲ್ಲ. ಆದ್ದರಿಂದ ನಮ್ಮಲ್ಲಿ ಸೂರ್ಯ ಹುಟ್ಟಿದ ಮೊದಲ ಕಾಲು ಗಂಟೆಯ ಬೆಳಕು ಮಾತ್ರ ಅಲ್ಲಿನ ಮಧ್ಯಾಹ್ನಕ್ಕೆ ಸಮ. ಬೆಳಕು ಗಡ್ಡೆಯ ಹಿಂದಿನಿಂದ ಹಾದು ಬರುವಂತೆ, ಕ್ಯಾಮೆರಾವನ್ನು ನೆಲಕ್ಕೆ ಹತ್ತಿರವಾಗಿ ಹಿಡಿಯಬೇಕು. ಮುಂದಿನಿಂದ ಬೆಳಕು ಬಿದ್ದ ಮಂಜುಗಡ್ಡೆ ಬರೀ ಬಿಳಿಯ ಮುದ್ದೆಯಾಗಿ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ. ಕ್ಯಾಮೆರಾದ ಬೆಳಕಳೆಯುವ ಮೀಟರ್ ಯಾವ ದೃಶ್ಯವನ್ನೂ ನಡು ಬೂದುಬಣ್ಣಕ್ಕೆ ಎಳೆಯುವುದರಿಂದ, ಚೌಕಟ್ಟಿನಲ್ಲಿ ಕಪ್ಪು ಮರಳೇ ತುಂಬಿದ್ದಾಗ ಅದು ಬೆಳಕನ್ನು ಹೆಚ್ಚಿಸಿ ಗಡ್ಡೆಯೊಳಗಿನ ಬಿರುಕು, ಗುಳ್ಳೆಗಳನ್ನು ಅಳಿಸಿಬಿಡುತ್ತದೆ. ಒಂದು ಸ್ಟಾಪ್ ಇಳಿಸಿ (ಅಂದರೆ ಬೆಳಕನ್ನು ಅರ್ಧಕ್ಕೆ ತಗ್ಗಿಸಿ) ಆರಂಭಿಸಿ, ಚಿತ್ರದ ಕತ್ತಲು-ಬೆಳಕಿನ ಹಂಚಿಕೆಯನ್ನು ತೋರುವ ಹಿಸ್ಟೋಗ್ರಾಂ ನಕ್ಷೆ ಬಲ ಅಂಚಿಗೆ ತಾಗದಂತೆ ಸರಿಪಡಿಸಿಕೊಳ್ಳಿ. ಸುತ್ತಲೂ ಹಿಮವೇ ಹರಡಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ: ಆಗ ಒಂದರಿಂದ ಒಂದೂವರೆ ಸ್ಟಾಪ್ ಏರಿಸಬೇಕು.

ಫ್ಯಾಕ್ಟರಿಯ ಬರ್ಫು ಕಲಿಸಲಾರದ ಸಂಗತಿಯೆಂದರೆ ನೀಲಿ. ಶತಮಾನಗಳ ಭಾರಕ್ಕೆ ಗಾಳಿಗುಳ್ಳೆಗಳು ಹಿಂಡಿಹೋದ ಹಿಮನದಿಯ ಗಡ್ಡೆಯಲ್ಲಿ ಬೆಳಕು ಆಳಕ್ಕೆ ಇಳಿಯುತ್ತದೆ, ಕೆಂಪು ಹೀರಲ್ಪಟ್ಟು ನೀಲಿ ಉಳಿಯುತ್ತದೆ. ಬಣ್ಣವನ್ನು ತಾನೇ ಸರಿಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಈ ನೀಲಿಯನ್ನೇ ದೋಷವೆಂದು ತೊಳೆದುಹಾಕಬಹುದಾದ್ದರಿಂದ ಅದನ್ನು 5500 ಕೆಲ್ವಿನ್ (ಹಗಲು ಬೆಳಕಿನ ಮಟ್ಟ) ಸುತ್ತಮುತ್ತ ಸ್ಥಿರಗೊಳಿಸಿ, ಸಂಸ್ಕರಿಸದ ಮೂಲ ಮಾಹಿತಿಯನ್ನು ಉಳಿಸುವ ರಾ ಫೈಲ್‌ನಲ್ಲಿ ಚಿತ್ರ ತೆಗೆಯುವುದು ಕ್ಷೇಮ.

ಹಿಂದೆ ಸರಿಯುವ ಅಲೆ ಗಡ್ಡೆಯ ಸುತ್ತ ಬಿಳಿ ಗೆರೆಗಳನ್ನು ಎಳೆಯಬೇಕಾದರೆ ಅರ್ಧದಿಂದ ಒಂದು ಸೆಕೆಂಡು ಷಟರ್ ತೆರೆದಿಟ್ಟರೆ ಸಾಕು. ಮನೆಯವರಿಂದ ಫರಸಿಯ ಮೇಲೆ ಒಂದು ಕೊಡ ನೀರು ಸುರಿಸಿ ಈ ವೇಗವನ್ನು ಕೈಗೆ ರೂಢಿಸಿಕೊಳ್ಳಬಹುದು. ಅಲ್ಲಿ ಮಾತ್ರ ಟ್ರೈಪಾಡ್‌ನ ಕಾಲುಗಳನ್ನು ಮರಳಿನಲ್ಲಿ ಗಟ್ಟಿಯಾಗಿ ಹೂಳಬೇಕು, ಲೆನ್ಸಿನ ಮೇಲಿನ ಉಪ್ಪು ಹನಿಗಳನ್ನು ಆಗಾಗ ಒರೆಸಬೇಕು. ಸಮುದ್ರಕ್ಕೆ ಬೆನ್ನು ತಿರುಗಿಸುವುದಾಗಲೀ ಗಡ್ಡೆಯನ್ನು ಹತ್ತುವುದಾಗಲೀ ಕೂಡದು, ಏಕೆಂದರೆ ಏಕಾಏಕಿ ನುಗ್ಗುವ ದೊಡ್ಡ ಅಲೆ ಟನ್‌ಗಟ್ಟಲೆ ತೂಕದ ಗಡ್ಡೆಯನ್ನೂ ಉರುಳಿಸಬಲ್ಲದು.

ಚಳಿಗೆ ಬ್ಯಾಟರಿ ಬೇಗ ಕುಗ್ಗುವುದರಿಂದ ಹೆಚ್ಚುವರಿ ಬ್ಯಾಟರಿಗಳನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಬೆಚ್ಚಗಿನ ಕೋಣೆಯನ್ನು ಹೊಕ್ಕುವ ಮೊದಲು ಮೆಮೊರಿ ಕಾರ್ಡನ್ನು ಹೊರತೆಗೆದು, ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಅದು ಕೋಣೆಯಷ್ಟೇ ಬೆಚ್ಚಗಾಗುವವರೆಗೆ ಬಿಚ್ಚಬಾರದು. ಬಿಚ್ಚಿದರೆ ಹಬೆ ಲೆನ್ಸಿನ ಒಳಗೂ ನೀರಾಗಿ ಕೂರುತ್ತದೆ.